ಈ ಬಲ ಕೊಟ್ಟವರು ಯಾರು? ಬಲ ಮತ್ತು ಚಲನೆಯನ್ನು ಕಲಿಯಲು ಒಂದು ದಾರಿ

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಚಲನೆ, ಬಲ, ಗುರುತ್ವ ಈ ಮೂರರ ಸೂತ್ರಗಳನ್ನೆಲ್ಲ ಒಟ್ಟುಗೂಡಿಸಿದರೂ ನೋಟ್‌ಬುಕ್ಕಿನ ಒಂದು ಪುಟ ತುಂಬುವುದಿಲ್ಲ. ಆದರೂ ಮಕ್ಕಳು ಹೆಚ್ಚು ಎಡವುವುದು ಇಲ್ಲಿಯೇ. ಸೂತ್ರ ಬಾಯಿಗೆ ಬರುತ್ತದೆ, ಅಂಕಿ ಹಾಕಿ ಉತ್ತರ ತೆಗೆಯುವುದೂ ಬರುತ್ತದೆ. "ಕ್ರಿಕೆಟ್ ಚೆಂಡನ್ನು ಮೇಲಕ್ಕೆ ಎಸೆದಿದ್ದೇನೆ, ಕೈ ಬಿಟ್ಟು ಅದಿನ್ನೂ ಏರುತ್ತಿದೆ. ಈಗ ಅದರ ಮೇಲೆ ಯಾವ ದಿಕ್ಕಿಗೆ ಬಲವಿದೆ?" ಎಂದು ಕೇಳಿ ನೋಡಿ. "ಮೇಲಕ್ಕೆ, ಸರ್" ಎಂಬ ಉತ್ತರವೇ ಮೊದಲು ಬರುತ್ತದೆ.

"ಮೇಲಕ್ಕೆ ತಳ್ಳುತ್ತಿರುವವರು ಯಾರಪ್ಪ?" ಎಂದು ಮತ್ತೆ ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಕೈ ತಳ್ಳುತ್ತಿತ್ತು, ಆದರೆ ಈಗ ಕೈ ಅಲ್ಲಿಲ್ಲ. ಚೆಂಡನ್ನು ಮುಟ್ಟಿರುವುದು ಗಾಳಿ ಮಾತ್ರ, ಅದು ಚಲನೆಗೆ ಒಂದಿಷ್ಟು ಅಡ್ಡ ಬರುತ್ತದೆ ಅಷ್ಟೆ. ಮುಟ್ಟದೆಯೇ ಎಳೆಯುವುದು ಭೂಮಿ, ಅದೂ ಕೆಳಕ್ಕೆ. ಮೇಲಕ್ಕೆ ತಳ್ಳುವವರು ಯಾರೂ ಇಲ್ಲವೆಂದ ಮೇಲೆ ಮೇಲ್ಮುಖವಾದ ಬಲವೂ ಇಲ್ಲ. ಚೆಂಡು ಏರುತ್ತಿರುವುದು ಅದಕ್ಕೆ ಮೊದಲೇ ಸಿಕ್ಕಿದ ವೇಗದಿಂದ. ಭೂಮಿಯ ಎಳೆತ ಆ ವೇಗವನ್ನು ಪ್ರತಿ ಸೆಕೆಂಡಿಗೂ 9.8 ಮೀ/ಸೆ ನಷ್ಟು ಕಡಿಮೆ ಮಾಡುತ್ತಾ ಹೋಗುತ್ತದೆ.

ಈ ತಪ್ಪಿಗೆ ಮಕ್ಕಳ ದಡ್ಡತನ ಕಾರಣವಲ್ಲ. ತಳ್ಳುವುದನ್ನು ನಿಲ್ಲಿಸಿದರೆ ಮೇಜು ನಿಲ್ಲುತ್ತದೆ, ತುಳಿಯುವುದನ್ನು ಬಿಟ್ಟರೆ ಸೈಕಲ್ ನಿಲ್ಲುತ್ತದೆ. ಓಡುತ್ತಿರಬೇಕಾದರೆ ಬಲ ಬೇಕೇಬೇಕು ಎಂದು ಹುಟ್ಟಿದಾಗಿನಿಂದ ಕಣ್ಣು ಪಾಠ ಹೇಳಿದೆ. ಅರಿಸ್ಟಾಟಲನೂ ಹಾಗೆಯೇ ನಂಬಿದ್ದ, ಆ ನಂಬಿಕೆಯನ್ನು ಅಲ್ಲಾಡಿಸಲು ಸುಮಾರು ಎರಡು ಸಾವಿರ ವರ್ಷದ ನಂತರ ಗೆಲಿಲಿಯೋ ಬರಬೇಕಾಯಿತು. ಆದ್ದರಿಂದ ಈ ಲೇಖನ ಉದ್ದಕ್ಕೂ ಹಿಡಿದು ನಡೆಯುವುದು ಒಂದೇ ಪ್ರಶ್ನೆಯನ್ನು: ಈ ಬಲ ಕೊಟ್ಟವರು ಯಾರು? ಕೊಟ್ಟವರ ಹೆಸರು ಹೇಳಲಾಗದಿದ್ದರೆ ಆ ಬಲವನ್ನು ಚಿತ್ರದಿಂದ ಅಳಿಸಿಬಿಡಿ. ಮೈಸೂರು, ಮಂಡ್ಯದ ಸುತ್ತಮುತ್ತ ನೀವು ದಿನವೂ ನೋಡುವ ವಸ್ತುಗಳ ಮೇಲೆಯೇ ಇದನ್ನು ಅಭ್ಯಾಸ ಮಾಡೋಣ.

ಮೊದಲ ಹೆಜ್ಜೆ: ಬಲ ಬಿಡಿ, ಚಲನೆಯನ್ನು ಅಳೆಯಿರಿ

ಕುಕ್ಕರಹಳ್ಳಿ ಕೆರೆಯ ಸುತ್ತ ಒಂದು ಸುತ್ತು ನಡೆದು ಹೊರಟ ಜಾಗಕ್ಕೇ ಬಂದಿರಿ. ನಡೆದ ದೂರ ಕೆಲವು ಕಿಲೋಮೀಟರ್, ಸ್ಥಾನಪಲ್ಲಟ ಸೊನ್ನೆ. ದೂರವನ್ನು ಕಾಲದಿಂದ ಭಾಗಿಸಿದರೆ ಜವ, ಸ್ಥಾನಪಲ್ಲಟವನ್ನು ಕಾಲದಿಂದ ಭಾಗಿಸಿದರೆ ವೇಗ. ವೇಗಕ್ಕೆ ದಿಕ್ಕು ಸೇರಿದೆ. ಹಾಗಾಗಿ ಕೆರೆಯ ತಿರುವಿನಲ್ಲಿ ನೀವು ಒಂದೇ ಹದದಲ್ಲಿ ನಡೆಯುತ್ತಿದ್ದರೂ ನಿಮ್ಮ ವೇಗ ಬದಲಾಗುತ್ತಲೇ ಇರುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ, ಮರೆಯಬೇಡಿ.

ಜವ ಅಳೆಯಲು ಪ್ರಯೋಗಾಲಯ ಬೇಕಿಲ್ಲ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಕಿಟಕಿ ಪಕ್ಕ ಕೂತಾಗ ಒಂದು ಕಿಲೋಮೀಟರ್ ಗುರುತಿನಿಂದ ಮುಂದಿನ ಗುರುತಿಗೆ ಎಷ್ಟು ಸೆಕೆಂಡ್ ಹಿಡಿಯಿತೆಂದು ಫೋನಿನ ಸ್ಟಾಪ್‌ವಾಚ್‌ನಲ್ಲಿ ನೋಡಿ. 3,600ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂಬುದು ಸಿಗುತ್ತದೆ. 60 ಸೆಕೆಂಡ್ ಆದರೆ 60 ಕಿ.ಮೀ., 45 ಸೆಕೆಂಡ್ ಆದರೆ 80 ಕಿ.ಮೀ., 36 ಸೆಕೆಂಡ್ ಆದರೆ 100 ಕಿ.ಮೀ. ಆ ರಸ್ತೆಯಲ್ಲಿ ಕಾರುಗಳಿಗೆ ಇರುವ ಮಿತಿಯೂ 100. ಅಂದರೆ 36 ಸೆಕೆಂಡಿಗಿಂತ ಬೇಗ ಗುರುತು ದಾಟಿದರೆ ಚಾಲಕರಿಗೆ ಹೇಳುವ ಹಕ್ಕು ನಿಮಗಿದೆ.

ಲೆಕ್ಕ ಮಾಡುವಾಗ ಗಂಟೆಗೆ ಕಿ.ಮೀ. ಇರುವುದನ್ನು 3.6ರಿಂದ ಭಾಗಿಸಿ ಮೀ/ಸೆ ಮಾಡಿಕೊಳ್ಳಿ. 36 ಕಿ.ಮೀ. ಎಂದರೆ 10 ಮೀ/ಸೆ, 72 ಎಂದರೆ 20, 100 ಎಂದರೆ ಸುಮಾರು 27.8. ಈ ಬದಲಾವಣೆಯನ್ನು ಲೆಕ್ಕದ ಮೊದಲ ಸಾಲಿನಲ್ಲೇ ಮಾಡಿ ಮುಗಿಸಬೇಕು. ಕೊನೆಗೆ ಮಾಡೋಣ ಎಂದು ಬಿಟ್ಟವರ ಉತ್ತರ ತಪ್ಪುವುದು ಹೆಚ್ಚು.

ವೇಗೋತ್ಕರ್ಷ ಎಂದರೆ ಒಂದೊಂದು ಸೆಕೆಂಡಿನಲ್ಲಿ ವೇಗ ಎಷ್ಟು ಬದಲಾಯಿತು ಎಂಬುದು. ಮಂಡ್ಯ ನಿಲ್ದಾಣದಿಂದ ಹೊರಟ ಬಸ್ಸು 10 ಸೆಕೆಂಡಿನಲ್ಲಿ ಗಂಟೆಗೆ 36 ಕಿ.ಮೀ. ಮುಟ್ಟಿದರೆ, 10 ಮೀ/ಸೆ ವೇಗ 10 ಸೆಕೆಂಡಿನಲ್ಲಿ ಬಂದಿದೆ, ವೇಗೋತ್ಕರ್ಷ 1 ಮೀ/ಸೆ². ಆ "ಸೆಕೆಂಡಿನ ವರ್ಗ" ನೋಡಿ ಹೆದರಬೇಕಿಲ್ಲ. ಪ್ರತಿ ಸೆಕೆಂಡಿಗೂ 1 ಮೀ/ಸೆ ಹೆಚ್ಚಾಯಿತು ಎಂಬುದನ್ನೇ ಚಿಕ್ಕದಾಗಿ ಬರೆದಿರುವುದು.

ಎರಡನೇ ಹೆಜ್ಜೆ: ಇಳಿಜಾರಿನಲ್ಲಿ ಒಂದು ಗೋಲಿ

ಇದನ್ನು ಓದಿ ಬಿಡಬೇಡಿ, ಮಾಡಿಯೇ ನೋಡಿ. ಉದ್ದಕ್ಕೆ ಸೀಳಿದ ಎರಡು ಮೀಟರ್ ಪಿವಿಸಿ ಪೈಪು ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ತೋಟಕ್ಕೆ ನೀರು ಹಾಯಿಸಿ ಬಿಟ್ಟ ಹಳೆಯ ಪೈಪಿದ್ದರೆ ದೊಡ್ಡವರ ಕೈಯಲ್ಲಿ ಸೀಳಿಸಿಕೊಳ್ಳಿ. ಒಂದು ತುದಿಗೆ ನಾಲ್ಕಾರು ನೋಟ್‌ಬುಕ್ ಇಟ್ಟು ಐದಾರು ಸೆಂಟಿಮೀಟರ್ ಎತ್ತರಿಸಿ. ಮೇಲಿನ ತುದಿಯ ಹತ್ತಿರ ಸೊನ್ನೆಯ ಗೆರೆ ಹಾಕಿ, ಅಲ್ಲಿಂದ ಕೆಳಕ್ಕೆ 10, 40, 90, 160 ಸೆಂಟಿಮೀಟರಿಗೆ ಸ್ಕೆಚ್ ಪೆನ್ನಿನಲ್ಲಿ ಗುರುತು ಮಾಡಿ. ಗೋಲಿಯನ್ನು ಸೊನ್ನೆಯಲ್ಲಿ ಹಿಡಿದು, ತಳ್ಳದೆ, ಬೆರಳು ಮಾತ್ರ ತೆಗೆಯಿರಿ.

160ರ ಗುರುತು ಮುಟ್ಟಲು ನಾಲ್ಕು ಸೆಕೆಂಡ್ ಹಿಡಿಯುವಂತೆ ನೋಟ್‌ಬುಕ್ಕುಗಳನ್ನು ಹೆಚ್ಚು ಕಡಿಮೆ ಮಾಡಿ ಹೊಂದಿಸಿ. ಆಮೇಲೆ ಫೋನಿನಲ್ಲಿ ವಿಡಿಯೋ ತೆಗೆದು ನಿಧಾನವಾಗಿ ಓಡಿಸಿ ನೋಡಿ. ಗೋಲಿ 10ನ್ನು ಸುಮಾರು ಒಂದನೇ ಸೆಕೆಂಡಿಗೆ, 40ನ್ನು ಎರಡನೇ, 90ನ್ನು ಮೂರನೇ ಸೆಕೆಂಡಿಗೆ ದಾಟುತ್ತದೆ. ಕಾಲ ಎರಡರಷ್ಟಾದರೆ ದೂರ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಒಂದೊಂದು ಸೆಕೆಂಡಿನಲ್ಲಿ ಹೋದ ದೂರವನ್ನು ಬೇರೆ ಬೇರೆ ತೆಗೆದರೆ 10, 30, 50, 70 ಬರುತ್ತದೆ, ಅಂದರೆ 1, 3, 5, 7 ಎಂಬ ಬೆಸ ಸಂಖ್ಯೆಗಳ ಸಾಲು. ಪ್ರತಿ ಸೆಕೆಂಡಿಗೂ 20 ಸೆಂಟಿಮೀಟರ್ ಹೆಚ್ಚುತ್ತಿದೆ. ಗೋಲಿಯ ವೇಗೋತ್ಕರ್ಷ 0.2 ಮೀ/ಸೆ² ಎಂದು ಪೈಪೇ ನಿಮಗೆ ತೋರಿಸಿಕೊಟ್ಟಿತು.

ಗೆಲಿಲಿಯೋ ಮಾಡಿದ್ದು ಇದನ್ನೇ. ಮೇಲಿನಿಂದ ಬಿಟ್ಟ ಕಲ್ಲು ಬೀಳುವ ಆತುರವನ್ನು ಅಳೆಯಬಲ್ಲ ಗಡಿಯಾರ ಅವನಲ್ಲಿ ಇರಲಿಲ್ಲ. ಆದ್ದರಿಂದ ಬೀಳುವಿಕೆಯನ್ನು ಇಳಿಜಾರಿನ ಮೇಲೆ ಮಲಗಿಸಿ ನಿಧಾನ ಮಾಡಿದ. ಕಾಲಕ್ಕೆ ಸಣ್ಣ ತೂತಿನಿಂದ ಸುರಿದ ನೀರನ್ನು ಹಿಡಿದು ತೂಗಿದ. ಅದರ ವಿವರ ಅಚ್ಚಾದದ್ದು 1638ರಲ್ಲಿ. ಸ್ಟಾಪ್‌ವಾಚೂ ಇಲ್ಲ, ಕ್ಯಾಮೆರಾವೂ ಇಲ್ಲ. ಆದರೂ ಅವನು ಕಂಡುಕೊಂಡ ನಿಯಮ ಇಂದಿಗೂ ನಿಮ್ಮ ಪಠ್ಯದಲ್ಲಿದೆ. ನಿಶ್ಚಲವಾಗಿದ್ದ ವಸ್ತು ಹೊರಟಾಗ ಸಾಗಿದ ದೂರ = ಅರ್ಧ × ವೇಗೋತ್ಕರ್ಷ × ಕಾಲದ ವರ್ಗ. ಈ ಸೂತ್ರವನ್ನು ಗೋಲಿಯ ಜೊತೆ ಕಲಿತವರಿಗೆ ಆ "ಅರ್ಧ" ಮರೆಯುವುದಿಲ್ಲ.

ಮೂರನೇ ಹೆಜ್ಜೆ: ಒಂದೇ ವಸ್ತುವನ್ನು ಆರಿಸಿ, ಮುಟ್ಟಿದವರ ಪಟ್ಟಿ ಮಾಡಿ

ಇಡೀ ವಿಷಯದ ಜೀವ ಇರುವುದು ಇಲ್ಲಿ, ಆದ್ದರಿಂದ ಇಲ್ಲಿ ನಿಧಾನಿಸೋಣ.

ಮಾಡಬೇಕಾದದ್ದು ಇಷ್ಟು. ಯಾವುದಾದರೂ ಒಂದು ವಸ್ತುವನ್ನು ಆರಿಸಿ, ಹಾಳೆಯ ಮೇಲೆ ಅದೊಂದನ್ನೇ ಚೌಕವಾಗಿ ಬರೆಯಿರಿ. ಅದನ್ನು ಯಾರ್‍ಯಾರು ಮುಟ್ಟಿದ್ದಾರೆ? ಮುಟ್ಟಿದ ಪ್ರತಿಯೊಬ್ಬರಿಗೂ ಒಂದು ಬಾಣ. ಮುಟ್ಟದೆ ಎಳೆಯುವ ಭೂಮಿಗೆ ಕೆಳಮುಖವಾಗಿ ಇನ್ನೊಂದು ಬಾಣ. ಹತ್ತಿರದಲ್ಲಿ ಅಯಸ್ಕಾಂತವೋ ವಿದ್ಯುದಾವೇಶವೋ ಇಲ್ಲದಿದ್ದರೆ ಪಟ್ಟಿ ಅಲ್ಲಿಗೆ ಮುಗಿಯಿತು. ಪ್ರತಿ ಬಾಣದ ಪಕ್ಕದಲ್ಲಿ ಕೊಟ್ಟವರ ಹೆಸರು ಬರೆಯಬೇಕು.

ಮೈಸೂರು ದಸರೆಯ ಚಿನ್ನದ ಅಂಬಾರಿಯನ್ನೇ ತೆಗೆದುಕೊಳ್ಳಿ. ಅದರ ದ್ರವ್ಯರಾಶಿ ಸುಮಾರು 750 ಕೆ.ಜಿ. ಭೂಮಿ ಅದನ್ನು 750 × 9.8 = 7,350 ನ್ಯೂಟನ್ ಬಲದಿಂದ ಕೆಳಕ್ಕೆ ಎಳೆಯುತ್ತದೆ. ಹಾಗಾದರೆ ಆನೆಯ ಬೆನ್ನು ಅಂಬಾರಿಯನ್ನು ಎಷ್ಟು ಬಲದಿಂದ ಮೇಲಕ್ಕೆ ಒತ್ತುತ್ತಿದೆ?

7,350 ಎಂದು ಬರೆಯಲು ಕೈ ಹೋಗುತ್ತದೆ. ತಡೆಯಿರಿ, ಮುಟ್ಟಿದವರನ್ನು ಎಣಿಸಿ. ಕೆಳಗೆ ಗಾದಿ ಹಾಕಿದ ಬೆನ್ನಿದೆ ಸರಿ, ಅಂಬಾರಿಯನ್ನು ಬಿಗಿದು ಕಟ್ಟಿದ ಹಗ್ಗಗಳೂ ಇವೆಯಲ್ಲ? ಬಿಗಿದ ಹಗ್ಗ ಅಂಬಾರಿಯನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. ಹಗ್ಗಗಳೆಲ್ಲ ಸೇರಿ 2,000 ನ್ಯೂಟನ್ ಎಳೆಯುತ್ತಿವೆ ಎಂದು ಇಟ್ಟುಕೊಳ್ಳಿ. ಅಂಬಾರಿ ಏಳದೆ ಬೀಳದೆ ನೆಟ್ಟಗೆ ಕೂತಿರಬೇಕಾದರೆ ಬೆನ್ನು 7,350 + 2,000 = 9,350 ನ್ಯೂಟನ್ ಒತ್ತಲೇಬೇಕು. ಹಗ್ಗ ಬಿಗಿದಷ್ಟೂ ಬೆನ್ನಿನ ಮೇಲೆ ಒತ್ತಡದ ಬಲ ಹೆಚ್ಚು. ಬೆನ್ನಿಗೆ ದಪ್ಪ ಗಾದಿ ಹಾಕುವುದರ ಹಿಂದೆ ಈ ಲೆಕ್ಕವೂ ಇದೆ, ಅದೇ ಬಲ ಅಗಲವಾದ ಜಾಗಕ್ಕೆ ಹರಡಿಕೊಂಡರೆ ಚರ್ಮಕ್ಕೆ ನೋವು ಕಡಿಮೆ.

ಈಗ ಆನೆಯನ್ನು ಆರಿಸಿ. ಅದರ ದ್ರವ್ಯರಾಶಿ 5,000 ಕೆ.ಜಿ. ಎಂದುಕೊಂಡರೆ ತೂಕ 49,000 ನ್ಯೂಟನ್. ಅಂಬಾರಿ ಬೆನ್ನನ್ನು 9,350 ನ್ಯೂಟನ್ ಕೆಳಕ್ಕೆ ಒತ್ತುತ್ತದೆ. ಹೊಟ್ಟೆಯ ಕೆಳಗೆ ಹಾದುಹೋದ ಹಗ್ಗ ಆನೆಯನ್ನು 2,000 ನ್ಯೂಟನ್ ಮೇಲಕ್ಕೆ ಎತ್ತುತ್ತದೆ. ಉಳಿದದ್ದನ್ನು ನೆಲ ಕೊಡಬೇಕು: 49,000 + 9,350 − 2,000 = 56,350 ನ್ಯೂಟನ್.

ಮೂರನೆಯ ಸಲ, ಆನೆ ಮತ್ತು ಅಂಬಾರಿ ಎರಡನ್ನೂ ಸೇರಿಸಿ ಒಂದೇ ವಸ್ತು ಎಂದು ಆರಿಸಿ. ಹೊರಗಿನಿಂದ ಮುಟ್ಟಿರುವುದು ನೆಲ ಮಾತ್ರ. ಒಟ್ಟು 5,750 ಕೆ.ಜಿ., 9.8ರಿಂದ ಗುಣಿಸಿದರೆ 56,350. ಅದೇ ಉತ್ತರ! ಹಗ್ಗದ ಮಾತೇ ಬರಲಿಲ್ಲ, ಏಕೆಂದರೆ ಹಗ್ಗ ಈಗ ವಸ್ತುವಿನ ಒಳಗಿದೆ. ಒಳಗಿನವರು ಒಬ್ಬರನ್ನೊಬ್ಬರು ಎಷ್ಟು ಎಳೆದಾಡಿಕೊಂಡರೂ ಹೊರಗಿನ ಲೆಕ್ಕ ಬದಲಾಗುವುದಿಲ್ಲ. ಯಾವ ವಸ್ತುವನ್ನು ಆರಿಸಿದ್ದೇನೆ ಎಂದು ಮೊದಲೇ ಬರೆದಿಟ್ಟುಕೊಳ್ಳದವರು ಈ ಮೂರು ಚಿತ್ರಗಳನ್ನೂ ಒಂದರೊಳಗೆ ತುರುಕಿ ಗೊಂದಲಕ್ಕೆ ಬೀಳುತ್ತಾರೆ.

ನಾಲ್ಕನೇ ಹೆಜ್ಜೆ: ಕೂಡಿಸಿ, ಸೊನ್ನೆ ಬಂದರೆ ಏನೆಂದು ತಿಳಿಯಿರಿ

ಒಂದೇ ದಿಕ್ಕಿನ ಬಾಣಗಳನ್ನು ಕೂಡಿಸಿ, ಎದುರು ದಿಕ್ಕಿನವನ್ನು ಕಳೆಯಿರಿ. ಉಳಿಯುವುದು ನಿವ್ವಳ ಬಲ. ಅದು ಸೊನ್ನೆಯಾದರೆ ಬಲಗಳು ಸಂತುಲಿತವಾಗಿವೆ. ಆಗ ವಸ್ತು ನಿಂತಿರಬೇಕೆಂದು ಹೆಚ್ಚಿನವರು ತಿಳಿಯುತ್ತಾರೆ. ನಿಂತಿದ್ದರೆ ನಿಂತೇ ಇರುತ್ತದೆ, ನಿಜ. ಓಡುತ್ತಿದ್ದರೆ ಅದೇ ವೇಗದಲ್ಲಿ ನೇರವಾಗಿ ಓಡುತ್ತಲೇ ಇರುತ್ತದೆ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೂರು ನಿಯಮಗಳಲ್ಲಿ ಮೊದಲನೆಯದು ಇದು. 1977ರಲ್ಲಿ ಹಾರಿಸಿದ ವಾಯೇಜರ್ 1 ನೌಕೆ ಇಂದಿಗೂ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸೂರ್ಯನಿಂದ ದೂರ ಸರಿಯುತ್ತಿದೆ. ಅದನ್ನು ಹಿಂದಿನಿಂದ ತಳ್ಳುತ್ತಿರುವ ಎಂಜಿನ್ ಯಾವುದೂ ಇಲ್ಲ. ಮೇಜು ನಿಲ್ಲುವುದು ತಳ್ಳುವ ಬಲ ಮುಗಿದದ್ದರಿಂದಲ್ಲ, ನೆಲದ ಘರ್ಷಣೆ ಎಂಬ ಎದುರು ಬಲ ಇರುವುದರಿಂದ. ಕೊಟ್ಟವರು ಯಾರು? ನೆಲ.

ಈಗ ಸಿಟಿ ಬಸ್ಸಿಗೆ ಬನ್ನಿ. ನೀವು ಕಂಬ ಹಿಡಿಯದೆ ನಿಂತಿದ್ದೀರಿ, ಚಾಲಕರು ಗಕ್ಕನೆ ಬ್ರೇಕ್ ಹಾಕಿದರು, ನೀವು ಮುಂದಕ್ಕೆ ಮುಗ್ಗರಿಸಿದಿರಿ. "ಮುಂದಕ್ಕೆ ಒಂದು ಬಲ ಬಂತು" ಎಂದು ಬರೆಯುವ ಮೊದಲು ಕೇಳಿಕೊಳ್ಳಿ, ಕೊಟ್ಟವರು ಯಾರು? ಬೆನ್ನ ಹಿಂದೆ ಯಾರೂ ತಳ್ಳಲಿಲ್ಲ. ಬಸ್ಸಿನ ನೆಲ ನಿಮ್ಮ ಪಾದವನ್ನು ಹಿಂದಕ್ಕೆ ಹಿಡಿಯಿತು, ಪಾದ ನಿಂತಿತು. ಸೊಂಟದಿಂದ ಮೇಲಿನ ಮೈಗೆ ಆ ಸುದ್ದಿ ತಲುಪುವ ಮೊದಲು ಅದು ಹಳೆಯ ವೇಗದಲ್ಲೇ ಸಾಗಿತು. ಜಡತ್ವ ಎಂದರೆ ಇದೇ, ಅದು ಬಲವಲ್ಲ. ಚಿತ್ರದಲ್ಲಿ ಜಡತ್ವಕ್ಕೆ ಬಾಣ ಹಾಕಬಾರದು.

ಚಾಮುಂಡಿ ಬೆಟ್ಟದ ರಸ್ತೆಯ ತಿರುವಿನಲ್ಲೂ ಇದೇ ಕಥೆ. ಬಸ್ಸು ಎಡಕ್ಕೆ ತಿರುಗಿದಾಗ ಬಲಗಡೆಯ ಕಿಟಕಿಗೆ ಒರಗುತ್ತೀರಿ. ಹೊರಕ್ಕೆ ತಳ್ಳಿದವರು ಯಾರೂ ಇಲ್ಲ. ನಿಮ್ಮ ಮೈ ನೇರ ಹೋಗುತ್ತಿತ್ತು, ಬಸ್ಸಿನ ಗೋಡೆ ಅಡ್ಡ ಬಂದು ನಿಮ್ಮನ್ನು ಒಳಕ್ಕೆ, ಎಡಕ್ಕೆ ತಳ್ಳಿತು. ಕೆರೆಯ ಸುತ್ತ ನಡೆಯುವಾಗ ಹೇಳಿದ ಮಾತು ಇಲ್ಲಿ ಕೆಲಸಕ್ಕೆ ಬಂತು: ದಿಕ್ಕು ಬದಲಾದರೂ ವೇಗ ಬದಲಾದಂತೆ, ವೇಗ ಬದಲಾಗಬೇಕಾದರೆ ಬಲ ಬೇಕು. ಅರ್ಧ ತುಂಬಿದ ನೀರಿನ ಬಾಟಲಿಯನ್ನು ಸೀಟಿನ ಮೇಲೆ ನಿಲ್ಲಿಸಿ ಹಿಡಿದು ನೋಡಿ. ಬ್ರೇಕು, ತಿರುವು, ಹೊರಡುವಿಕೆ ಎಲ್ಲವನ್ನೂ ನೀರಿನ ಮಟ್ಟವೇ ಓರೆಯಾಗಿ ತೋರಿಸುತ್ತದೆ.

ಐದನೇ ಹೆಜ್ಜೆ: ಸೊನ್ನೆ ಬರದಿದ್ದರೆ ದ್ರವ್ಯರಾಶಿಯಿಂದ ಭಾಗಿಸಿ

ನಿವ್ವಳ ಬಲ = ದ್ರವ್ಯರಾಶಿ × ವೇಗೋತ್ಕರ್ಷ. ಇಲ್ಲಿ "ನಿವ್ವಳ" ಎಂಬುದನ್ನು ಬಿಟ್ಟು ಯಾವುದೋ ಒಂದು ಬಲವನ್ನು ಹಾಕಿದರೆ ಲೆಕ್ಕ ಕೆಡುತ್ತದೆ.

ಮಂಡ್ಯದ ಕಡೆ ಕಬ್ಬಿನ ಗಾಡಿ ನೋಡದವರಿಲ್ಲ. ಗಾಡಿ, ಕಬ್ಬು ಎಲ್ಲ ಸೇರಿ 1,000 ಕೆ.ಜಿ. ಎಂದುಕೊಳ್ಳಿ. ವಸ್ತು ಯಾವುದು? ಗಾಡಿ. ಮುಟ್ಟಿದವರು? ಮುಂದೆ ನೊಗದ ಮೂಲಕ ಎತ್ತುಗಳು, ಕೆಳಗೆ ನೆಲ. ಎತ್ತುಗಳು 600 ನ್ಯೂಟನ್ ಮುಂದಕ್ಕೆ ಎಳೆದವು. ನೆಲದ ಉರುಳು ಘರ್ಷಣೆ, ಅಚ್ಚಿನ ಉಜ್ಜಾಟ ಎರಡೂ ಸೇರಿ 400 ನ್ಯೂಟನ್ ಹಿಂದಕ್ಕೆ ಹಿಡಿದವು. ನಿವ್ವಳ 200 ನ್ಯೂಟನ್ ಮುಂದಕ್ಕೆ. 200ನ್ನು 1,000ದಿಂದ ಭಾಗಿಸಿದರೆ ವೇಗೋತ್ಕರ್ಷ 0.2 ಮೀ/ಸೆ², ನಿಮ್ಮ ಗೋಲಿಗೆ ಇದ್ದಷ್ಟೇ. ಐದು ಸೆಕೆಂಡಿನಲ್ಲಿ ಗಾಡಿ 1 ಮೀ/ಸೆ ಮುಟ್ಟುತ್ತದೆ, ಅಷ್ಟರೊಳಗೆ ಎರಡೂವರೆ ಮೀಟರ್ ಸಾಗಿರುತ್ತದೆ. ಆಮೇಲೆ ಅದೇ ಹದದಲ್ಲಿ ನಡೆಯಲು ಎತ್ತುಗಳು 400 ನ್ಯೂಟನ್ ಎಳೆದರೆ ಸಾಕು. ಹೊರಡುವಾಗಲೇ ಎತ್ತು ಹೆಚ್ಚು ತಿಣುಕುವುದೇಕೆ ಎಂಬುದಕ್ಕೆ ಉತ್ತರ ಸಿಕ್ಕಿತು. ಅಚ್ಚಿಗೆ ಕೀಲೆಣ್ಣೆ ಹಾಕಿದರೆ 400 ಕಡಿಮೆಯಾಗುತ್ತದೆ. ಗದ್ದೆಯ ಹಸಿ ಮಣ್ಣಿನಲ್ಲಿ ಚಕ್ರ ಹೂತರೆ ಅದೇ 400 ಹಲವು ಪಟ್ಟು ಏರುತ್ತದೆ. ರೈತರು ಇದನ್ನು ಸೂತ್ರವಿಲ್ಲದೆ ಬಲ್ಲರು.

ಈಗ ಮೂರನೇ ನಿಯಮದ ಹಳೆಯ ತಕರಾರು. ಎತ್ತು ಗಾಡಿಯನ್ನು 600 ನ್ಯೂಟನ್ ಮುಂದಕ್ಕೆ ಎಳೆದರೆ ಗಾಡಿಯೂ ಎತ್ತನ್ನು 600 ನ್ಯೂಟನ್ ಹಿಂದಕ್ಕೆ ಎಳೆಯುತ್ತದೆ. ಎರಡೂ ಸಮ, ಎದುರು ಬದುರು. ಹಾಗಿದ್ದರೆ ಎಲ್ಲ ಹೊಡೆದುಹೋಗಿ ಗಾಡಿ ನಿಂತೇ ಇರಬೇಕಲ್ಲ? ಇಲ್ಲ, ಅವೆರಡೂ ಒಂದೇ ವಸ್ತುವಿನ ಮೇಲಿಲ್ಲ. ಗಾಡಿಯ ಚಿತ್ರದಲ್ಲಿ ಎತ್ತು ಕೊಟ್ಟ ಬಲ ಮಾತ್ರ ಇದೆ. ಗಾಡಿ ಕೊಟ್ಟ ಬಲ ಎತ್ತಿನ ಚಿತ್ರಕ್ಕೆ ಸೇರಿದ್ದು. ಬೇರೆ ಬೇರೆ ಚಿತ್ರದ ಬಾಣಗಳನ್ನು ಕೂಡಿಸುವಂತಿಲ್ಲ, ಕಳೆಯುವಂತಿಲ್ಲ. ಎತ್ತಿನ ಚಿತ್ರವನ್ನೂ ಬರೆಯಿರಿ. ಎತ್ತು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒದೆಯುತ್ತದೆ, ನೆಲ ಎತ್ತನ್ನು ಮುಂದಕ್ಕೆ ತಳ್ಳುತ್ತದೆ. ನೆಲದ ಆ ತಳ್ಳು 600ಕ್ಕಿಂತ ಹೆಚ್ಚಿದ್ದರೆ ಎತ್ತೂ ಮುಂದೆ ಹೊರಡುತ್ತದೆ. ಕೆಸರಿನಲ್ಲಿ ಗೊರಸು ಜಾರಿದರೆ ನೆಲದ ತಳ್ಳೇ ಇಲ್ಲ, ಆಗ ಎತ್ತು ಎಷ್ಟೇ ಬಲಶಾಲಿಯಾಗಿದ್ದರೂ ಗಾಡಿ ಕದಲದು.

ದಸರಾ ಕುಸ್ತಿಯಲ್ಲೂ ಇದನ್ನು ಕಾಣಬಹುದು. ದೊಡ್ಡ ಪೈಲ್ವಾನ ಚಿಕ್ಕವನನ್ನು ತಳ್ಳಿದಷ್ಟೇ ಬಲದಿಂದ ಚಿಕ್ಕವನು ದೊಡ್ಡವನನ್ನು ತಳ್ಳುತ್ತಿರುತ್ತಾನೆ, ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ. ಸೋಲು ಗೆಲುವು ನಿಂತಿರುವುದು ಅಖಾಡದ ಮಣ್ಣು ಯಾರ ಕಾಲನ್ನು ಎಷ್ಟು ಗಟ್ಟಿಯಾಗಿ ಹಿಡಿದಿದೆ, ಯಾರ ಮೈ ಎಷ್ಟು ಭಾರ, ಯಾರು ಎದುರಾಳಿಯ ಆಯ ತಪ್ಪಿಸಬಲ್ಲರು ಎಂಬುದರ ಮೇಲೆ.

ಆರನೇ ಹೆಜ್ಜೆ: ನಿಲ್ಲಿಸುವ ಲೆಕ್ಕ

ಪರೀಕ್ಷೆಗಿಂತ ಈ ಹೆಜ್ಜೆ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮೂರುಗಳ ಪಕ್ಕದಲ್ಲೇ ವೇಗದ ಹೆದ್ದಾರಿ ಇದೆ, ಇನ್ನು ಕೆಲವೇ ವರ್ಷಗಳಲ್ಲಿ ನೀವೂ ವಾಹನ ಓಡಿಸುತ್ತೀರಿ.

ಬ್ರೇಕ್ ಹಾಕಿದಾಗ ನಿಲ್ಲುವವರೆಗಿನ ದೂರ = ವೇಗದ ವರ್ಗ ÷ (2 × ವೇಗ ತಗ್ಗುವ ದರ). ಒಣ ರಸ್ತೆಯಲ್ಲಿ ಕಾರಿನ ವೇಗ ಸೆಕೆಂಡಿಗೆ 5 ಮೀ/ಸೆ ನಷ್ಟು ತಗ್ಗುತ್ತದೆ ಎಂದುಕೊಳ್ಳಿ. ಗಂಟೆಗೆ 50 ಕಿ.ಮೀ. ಇದ್ದರೆ, ಅಂದರೆ 13.9 ಮೀ/ಸೆ, ಕಾರು ಸುಮಾರು 19 ಮೀಟರಿನಲ್ಲಿ ನಿಲ್ಲುತ್ತದೆ. ಗಂಟೆಗೆ 100 ಕಿ.ಮೀ. ಇದ್ದರೆ 77 ಮೀಟರ್. ವೇಗ ಎರಡರಷ್ಟು, ದೂರ ನಾಲ್ಕರಷ್ಟು. ಮಳೆ ಬಂದು ರಸ್ತೆ ನೆನೆದರೆ ಟೈರಿಗೆ ನೆಲ ಕೊಡುವ ಬಲ ಕಡಿಮೆ, ದೂರ ಇನ್ನೂ ಹೆಚ್ಚು.

ಬ್ರೇಕ್ ಒತ್ತುವ ಮೊದಲು ಕಣ್ಣು ಕಂಡದ್ದು ಕಾಲಿಗೆ ತಿಳಿಯಲೂ ಹೊತ್ತು ಬೇಕು. ಅದನ್ನು ಅಳೆಯಲು 30 ಸೆಂಟಿಮೀಟರಿನ ಸ್ಕೇಲ್ ಸಾಕು. ಗೆಳೆಯ ಸ್ಕೇಲನ್ನು ಮೇಲಿನ ತುದಿಯಲ್ಲಿ ಹಿಡಿದಿರಲಿ, ಕೆಳಗೆ ಸೊನ್ನೆಯ ಹತ್ತಿರ ನಿಮ್ಮ ಹೆಬ್ಬೆರಳು, ತೋರುಬೆರಳು ಮುಟ್ಟದೆ ತೆರೆದಿರಲಿ. ಹೇಳದೆ ಕೇಳದೆ ಅವನು ಬಿಡಬೇಕು, ನೀವು ಹಿಡಿಯಬೇಕು. 15 ಸೆಂಟಿಮೀಟರಿನಲ್ಲಿ ಹಿಡಿದರೆ ನಿಮ್ಮ ಪ್ರತಿಕ್ರಿಯೆಯ ಕಾಲ ಸುಮಾರು 0.17 ಸೆಕೆಂಡ್, 20ರಲ್ಲಿ ಹಿಡಿದರೆ 0.20, 25ರಲ್ಲಿ ಹಿಡಿದರೆ 0.23. ಇದು ಗೋಲಿಯ ಸೂತ್ರವೇ, 0.2ರ ಬದಲು 9.8 ಹಾಕಿದ್ದೇವೆ ಅಷ್ಟೆ. ಈಗ ಪಕ್ಕದವರೊಂದಿಗೆ ಮಾತಾಡುತ್ತಾ ಮತ್ತೆ ಹಿಡಿದು ನೋಡಿ, ಸ್ಕೇಲ್ ಇನ್ನೂ ಕೆಳಕ್ಕೆ ಜಾರುತ್ತದೆ. ಇಲ್ಲಿ ಬೆರಳು ಮೊದಲೇ ಸಿದ್ಧವಾಗಿ ಕಾದಿತ್ತು. ರಸ್ತೆಯಲ್ಲಿ ಅಪಾಯ ಗುರುತಿಸಿ, ಕಾಲನ್ನು ಬ್ರೇಕಿಗೆ ಒಯ್ಯಲು ಒಂದು ಸೆಕೆಂಡಾದರೂ ಬೇಕು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಆ ಒಂದು ಸೆಕೆಂಡಿಗೇ 28 ಮೀಟರ್ ಹೋಯಿತು. 77ಕ್ಕೆ ಅದನ್ನೂ ಸೇರಿಸಿ, 105 ಮೀಟರ್.

ಸೀಟ್ ಬೆಲ್ಟಿನ ಲೆಕ್ಕ ಇನ್ನೂ ನೇರ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ. 40 ಕೆ.ಜಿ.ಯ ಹುಡುಗಿ 10 ಮೀ/ಸೆ ವೇಗದ ಕಾರಿನಲ್ಲಿದ್ದರೆ ಅವಳ ಸಂವೇಗ 400. ಕಾರು ಡಿಕ್ಕಿ ಹೊಡೆದು ನಿಂತಾಗ ಈ 400 ಸೊನ್ನೆಯಾಗಲೇಬೇಕು. ಸಂವೇಗದ ಬದಲಾವಣೆಯನ್ನು ಅದಕ್ಕೆ ಹಿಡಿದ ಕಾಲದಿಂದ ಭಾಗಿಸಿದರೆ ಸರಾಸರಿ ಬಲ. ಬೆಲ್ಟ್ ಅವಳನ್ನು 0.1 ಸೆಕೆಂಡಿನಲ್ಲಿ ನಿಲ್ಲಿಸಿದರೆ ಸರಾಸರಿ ಬಲ 4,000 ನ್ಯೂಟನ್. ಬೆಲ್ಟ್ ಇಲ್ಲದೆ ಡ್ಯಾಶ್‌ಬೋರ್ಡಿಗೆ ಬಡಿದು 0.01 ಸೆಕೆಂಡಿನಲ್ಲಿ ನಿಂತರೆ 40,000 ನ್ಯೂಟನ್. ನಿಲ್ಲುವುದು ತಪ್ಪದು, ಯಾರು ನಿಲ್ಲಿಸಬೇಕು ಎಂಬುದನ್ನು ಮಾತ್ರ ನಾವು ಆರಿಸಬಹುದು.

ತೂಕದ ಬಗ್ಗೆ ಎರಡು ಮಾತು

ಕಿಲೋಗ್ರಾಂ ದ್ರವ್ಯರಾಶಿಯ ಮಾನ, ತೂಕಕ್ಕೆ ನ್ಯೂಟನ್. ಅಂಗಡಿಯವರು ಒಂದು ಕೆ.ಜಿ. ಬೆಲ್ಲ ತೂಗಿ ಕೊಟ್ಟಾಗ ಅದರ ದ್ರವ್ಯರಾಶಿ 1 ಕೆ.ಜಿ., ತೂಕ 9.8 ನ್ಯೂಟನ್. ಅದನ್ನು ಚಂದ್ರನಿಗೆ ಒಯ್ದರೆ ದ್ರವ್ಯರಾಶಿ ಹಾಗೆಯೇ ಇರುತ್ತದೆ, ತೂಕ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ.

ಪರೀಕ್ಷೆಯ ಹಾಳೆಯ ಮೇಲೆ

ಕೊಟ್ಟದ್ದನ್ನು ಮಾನದ ಸಮೇತ ಬರೆಯಿರಿ. ಚಿಕ್ಕ ಚಿತ್ರ ಬರೆದು ಬಾಣ ಹಾಕಿ, ಅಂಕ ಕೊಡದಿದ್ದರೂ ಸರಿ, ಅದು ನಿಮಗೋಸ್ಕರ. ಒಂದು ದಿಕ್ಕನ್ನು ಧನ ಎಂದು ಮೊದಲೇ ನಿಶ್ಚಯಿಸಿ, ಮಧ್ಯದಲ್ಲಿ ಬದಲಿಸಬೇಡಿ. ಸೂತ್ರ ಬರೆದ ಮೇಲೆಯೇ ಅಂಕಿ ಹಾಕಿ. ಉತ್ತರ ಬಂದಾಗ ಅದು ಲೋಕದಲ್ಲಿ ನಡೆಯುವಂಥದ್ದೇ ಎಂದು ಒಂದು ಕ್ಷಣ ನೋಡಿ. ಸೈಕಲ್ ಸೆಕೆಂಡಿಗೆ 18 ಮೀಟರ್ ಹೋಯಿತೆಂದು ಬಂದರೆ ಎಲ್ಲೋ 3.6 ಬಿಟ್ಟುಹೋಗಿದೆ.

ನೀವೇ ಮಾಡಬೇಕಾದ ಒಂದು ಲೆಕ್ಕ

ಕಬ್ಬು ತುಂಬಿದ ಎರಡು ಟ್ರೇಲರುಗಳನ್ನು ಒಂದರ ಹಿಂದೆ ಒಂದು ಕಟ್ಟಿಕೊಂಡು ಟ್ರ್ಯಾಕ್ಟರ್ ಹೊರಟಿದೆ. ಒಂದೊಂದು ಟ್ರೇಲರಿನ ದ್ರವ್ಯರಾಶಿ 5,000 ಕೆ.ಜಿ., ಒಂದೊಂದಕ್ಕೂ ನೆಲದ ಎದುರು ಬಲ 1,500 ನ್ಯೂಟನ್, ಎಲ್ಲವೂ 0.2 ಮೀ/ಸೆ² ವೇಗೋತ್ಕರ್ಷದಿಂದ ಹೊರಡುತ್ತಿವೆ. ಟ್ರ್ಯಾಕ್ಟರಿಗೂ ಮೊದಲ ಟ್ರೇಲರಿಗೂ ನಡುವಿನ ಕೊಂಡಿಯ ಪಿನ್ನಿನ ಮೇಲೆ ಎಷ್ಟು ಬಲ? ಎರಡು ಟ್ರೇಲರುಗಳ ನಡುವಿನ ಪಿನ್ನಿನ ಮೇಲೆ ಎಷ್ಟು? ಉತ್ತರ ಓದುವ ಮೊದಲು ಚಿತ್ರ ಬರೆಯಿರಿ.

ಹಿಂದಿನ ಟ್ರೇಲರನ್ನು ಮೊದಲು ಆರಿಸಿ. ಮುಂದಕ್ಕೆ ಎಳೆಯುವವರು ಎರಡನೇ ಪಿನ್ನು, ಹಿಂದಕ್ಕೆ ಹಿಡಿಯುವವರು ನೆಲ. ನಿವ್ವಳ ಬಲ 5,000 × 0.2 = 1,000 ನ್ಯೂಟನ್ ಆಗಬೇಕು, ಆದ್ದರಿಂದ ಎರಡನೇ ಪಿನ್ನು 1,500 + 1,000 = 2,500 ನ್ಯೂಟನ್ ಎಳೆಯುತ್ತದೆ. ಈಗ ಎರಡೂ ಟ್ರೇಲರು ಸೇರಿಸಿ ಒಂದೇ ವಸ್ತು ಎನ್ನಿ. ಎರಡನೇ ಪಿನ್ನು ಒಳಗಾಯಿತು, ಲೆಕ್ಕಕ್ಕಿಲ್ಲ. ದ್ರವ್ಯರಾಶಿ 10,000 ಕೆ.ಜಿ., ನಿವ್ವಳ 2,000 ನ್ಯೂಟನ್, ನೆಲದ ಎದುರು ಬಲ 3,000. ಮೊದಲ ಪಿನ್ನಿನ ಪಾಲು 5,000 ನ್ಯೂಟನ್. ಒಂದೇ ವೇಗದಲ್ಲಿ ಸಾಗತೊಡಗಿದ ಮೇಲೆ ಅದು 3,000ಕ್ಕೆ, ಹಿಂದಿನದು 1,500ಕ್ಕೆ ಇಳಿಯುತ್ತದೆ. ಎರಡೂ ಪಿನ್ನು ಒಂದೇ ದಪ್ಪದವಾಗಿದ್ದರೆ ಹೊರಡುವ ಮುನ್ನ ಸವೆತ ನೋಡಬೇಕಾದದ್ದು ಮೊದಲು ಟ್ರ್ಯಾಕ್ಟರಿನ ಹಿಂದಿನ ಆ ಪಿನ್ನನ್ನು.